ಸಮುದ್ರರಾಜರಿಗೊಂದು ತಿಳಿವಳಿಕೆ ಪತ್ರ

ಶ್ರೀಯುತ ಸಮುದ್ರರಾಜರಿಗೆ,
ಮೊಕ್ಕಾಂ ಮರವಂತೆ.

ವಿಷಯ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ರೋಡ್ ಟ್ರಿಪ್ ಬರುವವರೊಂದಿಗೆ ತಾವು ನಡೆದುಕೊಳ್ಳಬೇಕಾದ ರೀತಿಯ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಕರಾವಳಿ ಹೆದ್ದಾರಿ ಎಂದು ಹೆಸರಿದ್ದರೂ ದಾರಿಯುದ್ದಕ್ಕೂ ತಮ್ಮ ದರ್ಶನ ಅಪರೂಪ. ಮರವಂತೆಯಲ್ಲಿ ಮಾತ್ರ ಪಡುವಣಕ್ಕೆ ತಾವು, ಮೂಡಣಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಸೌಪರ್ಣಿಕೆ ಎಷ್ಟು ಮರ್ಯಾದಸ್ಥೆ ನೋಡಿ, ಫೋಟೊಗೆ ಅಲುಗಾಡದೆ ನಿಲ್ಲುತ್ತಾಳೆ. ತಾವಾದರೋ ಆಷಾಢ ಬಂತೆಂದರೆ ದಡದ ತೆಂಗು ಬೀಳಿಸಿಕೊಂಡು ರಸ್ತೆಗೇ ಹೊರಡುತ್ತೀರಿ. ಪ್ರವಾಸಿಗರು ತಮ್ಮನ್ನು ನೋಡಲು ಬರಬೇಕೇ ಹೊರತು ತಾವು ಅವರನ್ನು ನೋಡಲು ಬರಕೂಡದು.

ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು ತಮಗೇ ಮೀಸಲೆಂಬ ಭ್ರಮೆ ಬೇಡ. ಅವೀಗ ರೀಲ್ಸ್ ಮಾಡುವವರ ಪೀಠ. ಪಾಚಿಗಟ್ಟಿದ ಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತವರಿಗೆ ಎಚ್ಚರಿಕೆಯ ಫಲಕ ಕಾಣುವುದಿಲ್ಲ. ಆದ್ದರಿಂದ ದೊಡ್ಡ ಅಲೆ ಬಿಡುವ ಮುನ್ನ ಶೂಟಿಂಗ್ ಮುಗಿಯಿತೇ ಎಂದು ತಾವೇ ವಿಚಾರಿಸತಕ್ಕದ್ದು.

ಮುರ್ಡೇಶ್ವರದಲ್ಲಿ 123 ಅಡಿಯ ಶಿವ, ಲಿಫ್ಟ್ ಇರುವ 20 ಅಂತಸ್ತಿನ ರಾಜಗೋಪುರ. ಇವುಗಳ ಮುಂದೆ ತಾವೊಬ್ಬರೇ ಚಪ್ಪಟೆ ಮಲಗಿರುವುದು ಫ್ರೇಮಿಗೆ ಹೊಂದುತ್ತಿಲ್ಲವೆಂಬ ಆಕ್ಷೇಪ ಬಂದಿದೆ.

ಕುಮಟಾ ಹತ್ತಿರ ಬೇಸಿಗೆಯಲ್ಲಿ ಹೆದ್ದಾರಿಯಂಚಿಗೆ ಗಳ ಕಟ್ಟಿ, ಸಿಹಿ ನೀರುಳ್ಳಿಯನ್ನು ಅದರ ಒಣಸೊಪ್ಪಿನಲ್ಲೇ ಜಡೆ ಹೆಣೆದು ತೂಗುಹಾಕುತ್ತಾರೆ. ಟೋಲಿನಲ್ಲಿ ತುಟಿಪಿಟಕ್ಕೆನ್ನದೆ ದುಡ್ಡು ಕಟ್ಟಿ ಬಂದವರೊಬ್ಬರು ಇಲ್ಲಿ ಕಾರಿನ ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ಚೌಕಾಸಿಗೆ ಶುರುವಿಟ್ಟರು. ಆಮೇಲೆ ಇಳಿದು ಬಂದು, ಗೊಂಚಲನ್ನು ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿ, "ಆನ್‌ಲೈನಲ್ಲಿ ಇದಕ್ಕಿಂತ ಕಡಿಮೆ" ಎಂದು ಹಿಂತಿರುಗಿಸಿದರು. ಅಂಗಡಿಯಕ್ಕ ಅದನ್ನು ಮತ್ತೆ ಗಳಕ್ಕೆ ಸಿಕ್ಕಿಸುತ್ತ, "ಆನ್‌ಲೈನಿನವ್ರು ಹೀಂಗೆ ಬಿಸಿಲಲ್ಲಿ ಕೂತ್ಕಂತ್ರಾ ತಮಾ?" ಎಂದು ಕೇಳಿದರಂತೆ. (ಉತ್ತರ ಕಡತದಲ್ಲಿಲ್ಲ.) ತಮ್ಮ ನೆರೆಯಲ್ಲೇ ಬೆಳೆವ ನೀರುಳ್ಳಿ ಇಷ್ಟು ಸಿಹಿಯಿರುವಾಗ ತಾವಿನ್ನೂ ಉಪ್ಪಾಗಿಯೇ ಉಳಿದಿರುವುದಕ್ಕೆ ಸಮಜಾಯಿಷಿ ನೀಡುವುದು.

ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಯುದ್ಧನೌಕೆಯನ್ನು ನೆಲಕ್ಕೇರಿಸಿ ನಿಲ್ಲಿಸಿದೆ. ಜನ ತಮಗೆ ಬೆನ್ನು ಹಾಕಿ, ಟಿಕೆಟ್ ಕೊಂಡು ಹಡಗು ನೋಡುತ್ತಾರೆ. ತಾವು ಪುಕ್ಕಟೆ ಸಿಗುವುದೇ ಇದಕ್ಕೆ ಕಾರಣವಿರಬೇಕು. ರವೀಂದ್ರನಾಥ ಟಾಗೋರರು 22ರ ಪ್ರಾಯದಲ್ಲಿ ಇಲ್ಲಿದ್ದಾಗ ತಮ್ಮನ್ನು ಪುಕ್ಕಟೆಯೇ ನೋಡಿ ನಾಟಕ ಬರೆದು ಹೋದರು. ಅದರ ಹೆಸರು 'ಪ್ರಕೃತಿರ್ ಪ್ರತಿಶೋಧ್', ಎಂದರೆ ಪ್ರಕೃತಿಯ ಸೇಡು. ದಯವಿಟ್ಟು ತಾವದನ್ನು ಓದಬಾರದು.

ಇತಿ,
ಪ್ರವಾಸಿಗರ ಹಿತಚಿಂತಕ

ಪ್ರತಿ: ನೈಋತ್ಯ ಮುಂಗಾರು, ಸೂಕ್ತ ಕ್ರಮಕ್ಕಾಗಿ.