ಸ್ಯಾಂಟೊರಿನಿ ರಾಯರು

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ರಾಯರಿಗೆ ತಂದೆತಾಯಿ ಇಟ್ಟ ಹೆಸರೊಂದಿದೆ. ಅದೀಗ ಕೆಳಗೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಮಾತ್ರ ಉಳಿದಿದೆ. 2024ರ ಮೇ ತಿಂಗಳಲ್ಲಿ ಗ್ರೀಸ್ ಟೂರ್ ಮುಗಿಸಿ ಬಂದಂದಿನಿಂದ ಅವರು ಸ್ಯಾಂಟೊರಿನಿ ರಾಯರು. ಹಾಲಿನವನಿಂದ ಇಸ್ತ್ರಿಯವನವರೆಗೆ ಎಲ್ಲರಿಗೂ ಅದೇ ಹೆಸರು. ವಾಚ್‌ಮನ್ ಬಾಯಲ್ಲಿ ಮಾತ್ರ ಅದು ‘ಸಂತ್ರಾವಾಲೆ ಸಾಬ್’ ಆಗಿದೆ. ಹೊಸದಾಗಿ ಬಾಡಿಗೆಗೆ ಬಂದವರು ಇವರನ್ನು ನಾಗಪುರದ ಕಿತ್ತಳೆ ವ್ಯಾಪಾರಿ ಎಂದು ತಿಳಿದು ಮಗುವಿನ ಹುಟ್ಟುಹಬ್ಬಕ್ಕೆ ಎರಡು ಡಜನ್ ಕೇಳಿದರಂತೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಯಾವ ಸೊಸೈಟಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಹಿಂದೆ ಕಾಶಿಗೆ ಹೋಗಿ ಬಂದವರು ನಾಲ್ಕು ಮನೆಗೆ ಗಂಗಾಜಲ ಹಂಚಿ ಸುಮ್ಮನಾಗುತ್ತಿದ್ದರು. ದುಬೈಗೆ ಹೋದವರು ಖರ್ಜೂರ ಕೊಟ್ಟರು. ಅಮೆರಿಕದ ಮಗನ ಮನೆಯಿಂದ ಮರಳಿದವರು ಚಾಕೊಲೇಟು ಕೊಟ್ಟು, ಅದು ಕರಗುವವರೆಗೆ ಅಲ್ಲಿನ ರಸ್ತೆಗಳ ವರ್ಣನೆ ಮಾಡಿದರು. ರಾಯರು ತಂದದ್ದು ಫ್ರಿಜ್ಜಿಗೆ ಅಂಟಿಸುವ ನೀಲಿ ಗುಮ್ಮಟದ ಮ್ಯಾಗ್ನೆಟ್ ಒಂದು, ಫೋಟೊ ಸಾವಿರದ ಚಿಲ್ಲರೆ. ಮ್ಯಾಗ್ನೆಟ್ ನೋಡಲು ಹೋದವರು ಫೋಟೊಗಳಿಂದ ಪಾರಾಗಿ ಬಂದ ಉದಾಹರಣೆ ಇಲ್ಲ.

ಅವರ ಜೊತೆ ಯಾವ ಮಾತು ತೆಗೆದರೂ ಮೂರನೇ ವಾಕ್ಯಕ್ಕೆ ಗ್ರೀಸ್ ತಲುಪುತ್ತೀರಿ. ಟ್ಯಾಂಕರ್ ಬರಲಿಲ್ಲ ಎಂದರೆ, “ಅಲ್ಲಿಯೂ ನೀರಿಗೆ ತತ್ವಾರವೇ ಮಾರಾಯ್ರೆ. ಸಮುದ್ರದ ನೀರನ್ನೇ ಸಿಹಿ ಮಾಡ್ತಾರೆ” ಎನ್ನುತ್ತಾರೆ. ಲಿಫ್ಟ್ ಕೆಟ್ಟಿದೆ ಎಂದರೆ, “ಇದೆಂತದು! ಹಳೇ ಬಂದರಿನಿಂದ ಫಿರಾ ಊರಿಗೆ ಹತ್ತಲು 588 ಮೆಟ್ಟಿಲು. ಕಾಲು ಸೋತವರಿಗೆ ಕತ್ತೆ ಉಂಟು.” ಆಗ ಅಡುಗೆಮನೆಯಿಂದ ಅವರ ಹೆಂಡತಿಯ ಸ್ವರ ಬರುತ್ತದೆ: “ನಾವು ಹೋದದ್ದು ಕೇಬಲ್ ಕಾರಿನಲ್ಲಿ.”

2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿ ದ್ವೀಪದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿ ಸಾವಿರಾರು ಜನ ಹಡಗು ಹತ್ತಿ ಊರು ಬಿಟ್ಟರಲ್ಲ, ಆ ವಾರ ರಾಯರ ಮುಖ ನೋಡಲಾಗುತ್ತಿರಲಿಲ್ಲ. ತಾವು ಎರಡು ರಾತ್ರಿ ತಂಗಿದ್ದ ಹೋಟೆಲಿನವನಿಗೆ ಮೂರು ಸಲ ಮೆಸೇಜ್ ಹಾಕಿದರು. ಉಡುಪಿಯ ಮೂಲಮನೆಯ ಅಂಗಳಕ್ಕೆ ನೆರೆ ನುಗ್ಗಿದಾಗ ಅಣ್ಣನಿಗೆ ಫೋನ್ ಮಾಡಿದ್ದು ಒಂದೇ ಸಲ.

ಫೋಟೊ ಪ್ರದರ್ಶನಕ್ಕೆ ಆದಿತ್ಯವಾರ ಸಂಜೆಯ ಮುಹೂರ್ತ. ಫೋನನ್ನು ಟಿವಿಗೆ ಜೋಡಿಸಿ, ಕೈಯಲ್ಲಿ ಬಾಣಲೆ ಹಿಡಿದು ರಾಯರು ನಿಲ್ಲುತ್ತಾರೆ. ಬಾಣಲೆ ಏಕೆಂದರೆ, ಕಾಲ್ಡೆರಾ ಎಂಬ ಮಾತಿನ ಮೂಲ ಅರ್ಥ ಕೊಪ್ಪರಿಗೆ. ಕೊಪ್ಪರಿಗೆ ಅವರ ಮನೆಯಲ್ಲಿಲ್ಲ. “ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿಯಿತು. ನಡುವಿನ ನೆಲ ಕುಸಿಯಿತು, ಸಮುದ್ರ ಒಳಗೆ ನುಗ್ಗಿತು. ಉಳಿದದ್ದು ಈ ಅಂಚು ಮಾತ್ರ. ಈ ಅಂಚಿನ ಮೇಲೆ ಜನ ಮನೆ ಕಟ್ಟಿ ಸುಣ್ಣ ಹೊಡೆದಿದ್ದಾರೆ!” ಎನ್ನುತ್ತ ಬಾಣಲೆಯ ಅಂಚನ್ನು ಬೆರಳಿನಿಂದ ಸವರುತ್ತಾರೆ. ಮಧ್ಯಾಹ್ನದ ಉಪ್ಪಿಟ್ಟಿನ ಸೀಕಲು ಅಲ್ಲಿ ಲಾವಾದ ಪಾತ್ರ ವಹಿಸುತ್ತದೆ.

ಮುಂದಿನದು ಅಕ್ರೊತಿರಿ. ಬೂದಿಯಡಿ ಹೂತುಹೋಗಿದ್ದ ಈ ಊರನ್ನು 1967ರಿಂದ ಮರಿನಾಟೊಸ್ ಎಂಬ ಪುರಾತತ್ವಜ್ಞ ಅಗೆದು ತೆಗೆದ. ಎರಡು ಮೂರು ಮಾಳಿಗೆಯ ಮನೆಗಳು, ಗೋಡೆ ತುಂಬ ಚಿತ್ರಗಳು, ಚರಂಡಿ ವ್ಯವಸ್ಥೆ ಎಲ್ಲ ಸಿಕ್ಕಿತು. ಸಿಡಿತದಲ್ಲಿ ಸತ್ತವರ ಅಸ್ಥಿ ಮಾತ್ರ ಸಿಗಲಿಲ್ಲ. ನೆಲ ನಡುಗಿದ್ದು ಕಂಡು ಜನ ಮೊದಲೇ ಜಾಗ ಖಾಲಿ ಮಾಡಿದ್ದರಂತೆ. ಇದನ್ನು ಕೇಳಿ ನಮ್ಮ ಸೊಸೈಟಿಯ ಖಜಾಂಚಿ ಗಂಭೀರವಾಗಿ ಕೇಳಿದ್ದು ಒಂದೇ ಪ್ರಶ್ನೆ: “ಹೋಗುವ ಮೊದಲು ಮೇಂಟೆನೆನ್ಸ್ ಬಾಕಿ ಕಟ್ಟಿದ್ದರಾ?”

ನನಗೂ ಒಂದು ದಿನ ತಡೆಯಲಾಗಲಿಲ್ಲ. “ರಾಯ್ರೆ, ಜ್ವಾಲಾಮುಖಿ ನೋಡಲು ಅಷ್ಟು ದೂರ ಯಾಕೆ? ಪಾರಸಿಕ ಗುಡ್ಡ, ಮಲಂಗಗಡ, ಖಾರ್ಘರ್ ಬೆಟ್ಟ ಎಲ್ಲವೂ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದದ್ದು. ನಮ್ಮ ಬಿಲ್ಡಿಂಗಿನ ಪಾಯ ತೋಡುವಾಗ ಅಡ್ಡ ಬಂದದ್ದೂ ಅದೇ” ಎಂದೆ. ರಾಯರು ಸ್ವಲ್ಪ ಯೋಚಿಸಿದರು. “ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮಲ್ಲಿ ಮೆಂಟೆನ್ ಮಾಡಿಲ್ಲ” ಎಂದರು.

ಕೆಂಪು ಕಡಲತೀರದ ಫೋಟೊ ಬಂದಾಗ ನಾನು ಇನ್ನೊಂದು ಬಾಣ ಬಿಟ್ಟೆ. ಅಲ್ಲಿ ಕಬ್ಬಿಣದ ಅಂಶವಿರುವ ಕಲ್ಲಿನಿಂದ ಒಂದು ತೀರ ಕೆಂಪು, ಪೆರಿಸ್ಸಾ, ಕಮಾರಿಗಳಲ್ಲಿ ಮರಳು ಕಪ್ಪು. ಸರಿ. ನಮ್ಮ ಡೊಂಬಿವಲಿ ಬಣ್ಣದಲ್ಲಿ ಹಿಂದೆ ಬಿದ್ದದ್ದು ಯಾವಾಗ? 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕಾರ್ಖಾನೆಗಳ ಕಡೆಯ ರಸ್ತೆ ಗುಲಾಬಿಯಾಯಿತು. ನೋಡಲು ಮುಖ್ಯಮಂತ್ರಿಗಳೇ ಬಂದರು. ವೀಸಾ ಬೇಡ, ಟಿಕೆಟ್ ಬೇಡ, ಮೂಗು ಮುಚ್ಚಿಕೊಳ್ಳಲು ಒಂದು ಕರವಸ್ತ್ರ ಸಾಕು.

ಕರವಸ್ತ್ರ ಎಂದೊಡನೆ ರಾಯರ ಕಣ್ಣು ಹೊಳೆಯಿತು. ಅವರ ಕಥಾನಕದ ಯುದ್ಧಪರ್ವ ಅಲ್ಲಿಂದಲೇ ಶುರುವಾಗುವುದು. ದ್ವೀಪದ ತುದಿಯಲ್ಲಿ ಇಯಾ ಎಂಬ ಊರು. ಅಲ್ಲಿಯ ಹಾಳು ಕೋಟೆಯ ಮೇಲಿಂದ ಸೂರ್ಯಾಸ್ತ ನೋಡಲು ಜಗತ್ತೇ ಬಂದು ಸೇರುತ್ತದೆ. ಜರ್ಮನಿಯವರು, ಚೀನಾದವರು, ಬ್ರೆಜಿಲಿನವರು ಎರಡು ಗಂಟೆ ಮೊದಲೇ ಬಂದು ಗೋಡೆಗೆ ಅಂಟಿ ನಿಂತಿದ್ದರಂತೆ. ಟೂರಿನ ಗೈಡ್ ಕೈಚೆಲ್ಲಿದ. ಆದರೆ ರಾಯರು ಯಾರು? 36 ವರ್ಷ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಹತ್ತಿದವರು! ಬ್ಯಾಗನ್ನು ಎದೆಗೆ ತಂದುಕೊಂಡರು, ಬಲಭುಜ ಮುಂದೆ ಮಾಡಿದರು, ಕಾಲೆತ್ತದೆ ಜಾರಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆಯ ಹತ್ತಿರ ಇದ್ದರು. ಹಿಂದಿದ್ದ ಹೆಂಡತಿಗಾಗಿ ಕಲ್ಲಿನ ಮೇಲೆ ಕರವಸ್ತ್ರ ಎಸೆದು ಜಾಗ ಹಿಡಿದರು. ಒಬ್ಬ ಇಟಲಿಯವನ ಹತ್ತಿರ “ಥೋಡಾ ಸರಕೋ” ಎಂದರಂತೆ. ಅವನು ಸರಿದನಂತೆ! ಫೋರ್ತ್ ಸೀಟಿನಲ್ಲಿ ಅರ್ಧ ತೊಡೆ ಊರಿ ಕುರ್ಲಾವರೆಗೆ ಕೂತವನಿಗೆ ಯುರೋಪಿನಲ್ಲಿ ಅಸಾಧ್ಯವಾದದ್ದು ಯಾವುದೂ ಇಲ್ಲ.

“ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದ್ರು ಮಾರಾಯ್ರೆ!” ಎಂದು ಪ್ರತಿ ಸಲವೂ ಹೊಸದಾಗಿ ಬೆರಗಾಗುತ್ತಾರೆ. ಮನೆಗೆ ಬಂದ ಮೇಲೂ ಎರಡು ವಾರ ಬಾಲ್ಕನಿಯಲ್ಲಿ ನಿಂತು ತಟ್ಟುತ್ತಿದ್ದರು. ಅವರ ಬಾಲ್ಕನಿಗೆ ಕಾಣುವುದು ಎದುರಿನ ವಿಂಗಿನ ಬಚ್ಚಲ ಕಿಟಕಿಗಳು. ಆ ಮನೆಯವರು ಸೆಕ್ರೆಟರಿಗೆ ದೂರು ಕೊಟ್ಟ ಮೇಲೆ ನಿಲ್ಲಿಸಿದರು.

ಹೆಂಡತಿಯ ಪ್ರವಾಸಕಥನ ಚಿಕ್ಕದು. “ಅಲ್ಲಿಯ ಸ್ಪೆಷಲ್ ಅಂತ ಫಾವಾ ತರಿಸಿದ್ರು. ನೋಡಿದರೆ ನಮ್ಮ ತೊವ್ವೆ. ಒಗ್ಗರಣೆ ಇಲ್ಲ, ಇಂಗು ಇಲ್ಲ, ಮೇಲೆ ಹಸಿ ನೀರುಳ್ಳಿ. ನಾನು ಮಿಡಿ ಉಪ್ಪಿನಕಾಯಿ ಹಾಕಿಕೊಂಡು ತಿಂದೆ.” ಆಮೇಲೆ ಒಂದು ಕ್ಷಣ ತಡೆದು ಹೇಳುತ್ತಾರೆ: “ಒಂದು ಮಾತ್ರ ಖುಷಿ. ನೆತ್ತಿ ಹತ್ತಿದಾಗ ‘ನೀರು, ನೀರು’ ಅಂದೆ. ಹುಡುಗ ಓಡಿ ಹೋಗಿ ನೀರೇ ತಂದ. ಇಲ್ಲಿ ಇಷ್ಟು ವರ್ಷವಾದರೂ ಪಾಣಿ ಅನ್ನದೆ ಯಾರು ಕೊಟ್ಟಿದ್ದಾರೆ?”

ಗ್ರೀಕರು ನೀರಿಗೆ ‘ನೆರೊ’ ಎನ್ನುವುದು ನಿಜ. ಹೊಸದು, ತಾಜಾ ಎಂಬ ಅರ್ಥದ ಅವರದೇ ಹಳೆಯ ಪದದಿಂದ ಅದು ಬಂದಿದೆ. ನಮ್ಮ ನೀರಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಇದನ್ನು ರಾಯರ ಮುಂದೆ ಹೇಳುವ ಧೈರ್ಯ ಯಾರಿಗಿದೆ? ಅದನ್ನು ನಾವೇ ಕಲಿಸಿದ್ದು ಎಂದು ಅವರು ತೀರ್ಮಾನಿಸಿಯಾಗಿದೆ. ಸಾಕ್ಷಿಗೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವನ್ನು ಕರೆಯುತ್ತಾರೆ. ಅದರಲ್ಲಿರುವ ಭಾರತ ತೀರದ ಜನರ ಮಾತು ಕನ್ನಡವೇ ಎಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ವಾದಿಸಿದ್ದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಅದರ ಮೇಲೆ ಬರೆದರು. ಎಲ್ಲರೂ ಒಪ್ಪಿದ ಮಾತಲ್ಲ. ಒಪ್ಪಿದರೂ ಅದು ಪ್ರಹಸನ. ಗ್ರೀಕರು ನಮ್ಮವರನ್ನು ಕಂಡು ನಕ್ಕು ಎರಡು ಸಾವಿರ ವರ್ಷವಾಗುತ್ತ ಬಂತು. ಕರವಸ್ತ್ರ ಎಸೆದು ರಾಯರು ಎರಡನೇ ಪ್ರಯೋಗ ಕೊಟ್ಟು ಬಂದಂತಾಯಿತು.

ನಾನು ತಡೆಯಲಾರದೆ ಕಲ್ಯಾಣದ ಕಥೆಯನ್ನೂ ಹೇಳಿಬಿಟ್ಟೆ. ಒಂದನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಕಡಲಯಾನದ ಕೈಪಿಡಿಯಲ್ಲಿ ಕಲ್ಲಿಯೆನ ಎಂಬ ಬಂದರು ಬರುತ್ತದೆ. ಅದು ನಮ್ಮ ಕಲ್ಯಾಣ. ಅಲ್ಲಿ ವ್ಯಾಪಾರಕ್ಕೆ ತಡೆ ಬಿದ್ದ ಕಾಲದಲ್ಲಿ, ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಕಳಿಸುತ್ತಿದ್ದರಂತೆ. “ನೋಡಿ!” ಎಂದು ರಾಯರು ತೊಡೆ ತಟ್ಟಿದರು. “ಅದಕ್ಕೇ ಷೆಂಗೆನ್ ವೀಸಾಕ್ಕೆ ನನ್ನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದು. ಸೇಡು!”

ಹೋದ ಜನರಲ್ ಬಾಡಿ ಮೀಟಿಂಗಿನಲ್ಲಿ ಇಡೀ ಬಿಲ್ಡಿಂಗಿಗೆ ಬಿಳಿ ಬಣ್ಣ, ಟೆರೇಸಿಗೆ ನೀಲಿ ಬಳಿಯಬೇಕೆಂದು ರಾಯರು ಠರಾವು ಮಂಡಿಸಿದರು. ಸೆಕ್ರೆಟರಿ ಕನ್ನಡಕ ಇಳಿಸಿ, “ಪೈಸೆ ಕೋಣ್ ದೇಣಾರ್?” ಎಂದು ಕೇಳಿದರು. ಠರಾವು ಅಲ್ಲಿಗೇ ಮುಳುಗಿತು. ಮುಳುಗಿದ್ದಕ್ಕೆ ಚಪ್ಪಾಳೆಯೂ ಬಿತ್ತು. ಆದರೂ ಜೂನ್ ಬಂದಾಗ ಸೋರುವ ಟೆರೇಸಿಗೆ ಸೊಸೈಟಿಯವರು ತಾಡಪತ್ರಿ ಹೊದೆಸಿದರಲ್ಲ, ಅದು ಅಪ್ಪಟ ನೀಲಿ. ರಾಯರು ಗೇಟಿನಾಚೆ ನಿಂತು ಅದರ ಫೋಟೊ ತೆಗೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದಿನ ಚಳಿಗಾಲದಲ್ಲಿ ಅವರಿಬ್ಬರನ್ನೂ ಐರೋಲಿಗೆ ಹೊರಡಿಸಿದೆ. ಠಾಣೆ ಖಾಡಿಯ ಆ ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಉಬ್ಬರದ ಹೊತ್ತು ನೋಡಿ ದೋಣಿ ಬಿಡುತ್ತಾರೆ. ನಮ್ಮ ಪಾಲಿಗೆ ಸಂಜೆಯ ದೋಣಿ ಬಂತು. ರಾಯರು ಜೆಟ್ಟಿಯಲ್ಲೇ ಆರಂಭಿಸಿದರು. ಅಲ್ಲಿಯ ನೀರು ಹೇಗೆ ನೀಲಿ, ಇಲ್ಲಿಯದು ಹೇಗೆ ಕೆಸರು. ಅಲ್ಲಿ ಗಾಳಿಗೆ ದ್ರಾಕ್ಷಿಬಳ್ಳಿ ಹಾರಿಹೋಗದಂತೆ ಅದನ್ನೇ ಬುಟ್ಟಿಯ ಹಾಗೆ ಸುತ್ತಿ ನೆಲದಲ್ಲಿ ಕೂರಿಸುತ್ತಾರೆ, ಇಲ್ಲಿ ಬರೀ ಕಾಂಡ್ಲಾ ಗಿಡ. ದೋಣಿ ತಿರುವು ತೆಗೆದುಕೊಂಡಿತು. ಕೆಸರಿನ ಮೇಲೆ ಮೈಲುದ್ದದ ಗುಲಾಬಿ ಗೆರೆ. ಗೆರೆ ನಿಧಾನಕ್ಕೆ ಕೊಕ್ಕು ಎತ್ತಿತು.

ರಾಯರು ಮಾತು ನಿಲ್ಲಿಸಿದರು. ಅವರು ವಾಕ್ಯದ ನಡುವೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಲುಂಡಿನ ಟವರುಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಫೋನ್ ಕಿಸೆಯಲ್ಲೇ ಇತ್ತು. “ಮಾರಾಯ್ರೆ,” ಎಂದರು ಸಣ್ಣ ಸ್ವರದಲ್ಲಿ, “ನಾನು ಸರ್ವಿಸಿನಲ್ಲಿದ್ದಾಗ ಈ ಹೊತ್ತಿಗೆ ಎಲ್ಲಿರ್ತಿದ್ದೆ ಗೊತ್ತುಂಟಾ?”

“ಗಾಡಿಯಲ್ಲಿ.”

“ಪಾರಸಿಕದ ಸುರಂಗದಲ್ಲಿ. ಚಳಿಗಾಲದಲ್ಲಿ ಒಳಗೆ ಹೋಗುವಾಗ ಒಂಚೂರು ಬೆಳಕು, ಆಚೆ ಬರುವಾಗ ಪೂರ್ತಿ ಕತ್ತಲೆ. ಸೂರ್ಯ ಎಲ್ಲಿ ಮುಳುಗ್ತಾನೆ ಅಂತ ನೋಡಿದವನಲ್ಲ. ಮೂಗಿನ ಎದುರು ಯಾರದ್ದಾದರೂ ಕಂಕುಳು.”

1916ರಿಂದ ಆ ಸುರಂಗ ಇದೆ. ಉದ್ದ ಒಂದೂಕಾಲು ಕಿಲೋಮೀಟರಿಗೆ ತುಸು ಹೆಚ್ಚು. ಎಷ್ಟು ರಾಯರುಗಳ ಎಷ್ಟು ಸಂಜೆಗಳನ್ನು ಅದು ನುಂಗಿದೆಯೋ ಯಾರು ಲೆಕ್ಕ ಇಟ್ಟಿದ್ದಾರೆ? ನನ್ನ ಬತ್ತಳಿಕೆಯಲ್ಲಿ ಇನ್ನೂ ಎರಡು ಬಾಣ ಉಳಿದಿದ್ದವು. ತೆಗೆಯಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ತಟ್ಟಿದ್ದು ರಾಯರಲ್ಲ, ಅವರ ಹೆಂಡತಿ. ದೋಣಿಯವನು ಗಾಬರಿಯಿಂದ ತಿರುಗಿ, “ಕಾಯ್ ಝಾಲಂ?” ಎಂದ. ಸೂರ್ಯ ಮುಳುಗಿದನಲ್ಲ, ಅದಕ್ಕೆ ಎಂದು ರಾಯರು ಮರಾಠಿಯಲ್ಲಿ ವಿವರಿಸಿದರು. ಅವನು ಎಂಜಿನ್ ಕಡೆ ಮುಖ ಮಾಡುತ್ತ ಸಮಾಧಾನ ಹೇಳಿದ: “ಉದ್ಯಾ ಪರತ್ ಯೇಈಲ್.” ನಾಳೆ ಮತ್ತೆ ಬರ್ತಾನೆ ಬಿಡಿ.

ಮನೆಗೆ ಬಂದರೆ ಲಿಫ್ಟ್ ಕೆಟ್ಟಿತ್ತು. ರಾಯರು ತುಟಿಪಿಟಿಕ್ಕೆನ್ನದೆ ಮೆಟ್ಟಿಲು ಹತ್ತಿದರು. ಮೂರನೇ ಮಾಳಿಗೆಯಲ್ಲಿ ಏದುಸಿರು ಬಿಡುತ್ತ ಕಂಬಿ ಹಿಡಿದು ನಿಂತರು.

“54,” ಎಂದರು.

ಹೆಂಡತಿ ಬೀಗದ ಕೈ ಹುಡುಕುತ್ತ ಹೇಳಿದರು: “ಇನ್ನು 534 ಬಾಕಿ.”