ಇಂಬಳಕ್ಕೊಂದು ಕಾಲರ್

ಸಕಲೇಶಪುರಕ್ಕೆ ಬಂದವರು 1792ರ ಮಂಜರಾಬಾದ್ ಕೋಟೆಯಲ್ಲಿ ಫೋಟೊ ಹೊಡೆಸಿಕೊಂಡು, ಹೋಂಸ್ಟೇಯಲ್ಲಿ ಕೋಳಿಸಾರು ಉಂಡು, 'ಕಾಡು ನೋಡಿದ್ವಿ' ಅನ್ನುತ್ತಾರೆ. ಸ್ವಾಮಿ, ಕಾಡು ನೋಡಬೇಕೆಂದರೆ ಆಷಾಢದಲ್ಲಿ ಬಿಸಿಲೆ ಕಡೆ ಬನ್ನಿ. ನೀವು ಸಿಂಗಳೀಕ ಹುಡುಕುತ್ತಾ ಕತ್ತೆತ್ತಿ ನಿಂತಿರುವಾಗ, ಇಂಬಳ ನಿಮ್ಮನ್ನು ಹುಡುಕಿಕೊಂಡು ಬಂದಿರುತ್ತದೆ. ತರಗೆಲೆಯ ಮೇಲೆ ದಾರದೆಳೆಯಂತೆ ಎದ್ದು ನಿಂತು, ಗೇಣು ಹಾಕುತ್ತಾ ಬೂಟು ಹತ್ತಿ, ಕಾಲುಚೀಲದ ಹೆಣಿಗೆಯಲ್ಲೇ ನುಸುಳಿ ಊಟಕ್ಕೆ ಕೂತರೆ ಕಚ್ಚಿದ್ದೂ ತಿಳಿಯದು. ಉಂಡು ಎದ್ದುಹೋದ ಮೇಲೂ ರಕ್ತ ನಿಲ್ಲದು. ಹೊಗೆಸೊಪ್ಪಿನ ನೀರು, ಸುಣ್ಣ, ಉಪ್ಪು, ಮದ್ದು ಊರಿಗೊಂದು.

ಅಲ್ಲೇ ಮಂಕನಹಳ್ಳಿ ದಿಣ್ಣೆಯ ಮಳೆನೀರು ಒಂದು ಪಾಲು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬಂಗಾಳಕೊಲ್ಲಿಗೆ. ಇಂಬಳಕ್ಕೆ ಅಂಥ ಪಾಲುಪಟ್ಟಿಯಿಲ್ಲ, ಎರಡೂ ಕಾಲು ಅದಕ್ಕೇ.

ಆಲೂರು ಕಡೆಯ ಕಾಫಿತೋಟದವರಿಗೆ ಇದೆಲ್ಲ ತಮಾಷೆ. ಅವರದೇನಿದ್ದರೂ ಆನೆಯ ಚಿಂತೆ. ಆನೆಗೆ ರೇಡಿಯೊ ಕಾಲರ್ ಕಟ್ಟಿ, ಎಲ್ಲಿದೆಯೆಂದು ಮೊಬೈಲಿಗೆ ಸುದ್ದಿ ಕಳಿಸುವ ಅರಣ್ಯ ಇಲಾಖೆ ಇಂಬಳಕ್ಕೂ ಒಂದು ಕಟ್ಟಬಾರದೇ?