ಹಿರಿಯೂರಿನಲ್ಲಿ ಮೈನಸ್ 40

ಏಪ್ರಿಲ್ ಮಧ್ಯಾಹ್ನ. ಹಿರಿಯೂರು ಕಡೆ ಕಾಲುವೆ ಅಗೆಯುತ್ತಿದ್ದ ಹಿಟಾಚಿ (ಯಾವ ಕಂಪನಿಯದಾದರೂ ನಮಗದು ಹಿಟಾಚಿಯೇ) ಮುನಿಸಿಕೊಂಡಿತು. ಪರದೆ ಮೇಲೆ ‘ಎಸ್‌ಪಿಎನ್ 110, ಎಫ್‌ಎಂಐ 3’. ಅಂದರೆ ಕೂಲೆಂಟ್ ಸೆನ್ಸರಿನ ವೋಲ್ಟೇಜು ವಿಪರೀತ ಹೆಚ್ಚು. ಈ ಸೆನ್ಸರು ತಣ್ಣಗಾದಷ್ಟೂ ಅದರ ರೋಧ ಏರುತ್ತದೆ. ವೈರೇ ತುಂಡಾದರಂತೂ ಕೇಳಬೇಡಿ, ಕಂಪ್ಯೂಟರಿಗೆ ಅದು ಸೈಬೀರಿಯಾ. ಆಪರೇಟರ್ ಬನಿಯನ್ ಹಿಂಡುತ್ತಿದ್ದರೆ ಮೆಷಿನ್ನು ಮೈನಸ್ 40 ಡಿಗ್ರಿ ಎಂದು ನಡುಗುತ್ತಿರುತ್ತದೆ!

ನಮ್ಮ ಜಿಲ್ಲೆಯಲ್ಲಿ ಬರ ಮಳೆಗೆ, ತಜ್ಞರಿಗಲ್ಲ. ಹೊಸದುರ್ಗದ ಟಿಪ್ಪರ್ ಡ್ರೈವರು, “ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಣ್ಣ, ಸರಿಹೋಗ್ತದೆ” ಅಂದ. ಓನರು ಫೋನಿನಲ್ಲೇ ಹೊಸ ಸೆನ್ಸರ್ ಬರೆದುಕೊಟ್ಟರು. ಹೊಳಲ್ಕೆರೆಯ ಹೆಲ್ಪರು ಬಯಲು ಗಣಪತಿಗೆ ಹರಕೆ ಹೊತ್ತ.

ದುರ್ಗದಿಂದ ಬಂದ ಮೆಕ್ಯಾನಿಕ್ಕು ಯಾರ ಮಾತಿಗೂ ಕಿವಿಗೊಡದೆ ಸಾಕೆಟ್ ಕಿತ್ತು ಮೀಟರ್ ಹಿಡಿದ. 5 ವೋಲ್ಟ್ ಇರಬೇಕಾದಲ್ಲಿ ಸೊನ್ನೆ. ಸೆನ್ಸರ್ ನಿರಪರಾಧಿ! ವೈರಿನ ಜಾಡು ಹಿಡಿದು ಹೋದರೆ ಸೀಟಿನ ಹಿಂದೆ ಹಲ್ಲಿನ ಗುರುತು, ಪಕ್ಕದಲ್ಲಿ ಮಂಡಕ್ಕಿ ಚೂರು.

ಹರಕೆ ಹೊತ್ತ ಹೆಲ್ಪರಿಗೆ ಈಗ ಧರ್ಮಸಂಕಟ: ತಂತಿ ಕಡಿದದ್ದು ದೇವರ ವಾಹನವೇ!